ಅಣುಗಾತ್ರವೋ ಅಣುಮಾತ್ರವೋ: ಬಣ್ಣ ನಿಲ್ಲದ ಕೊಳದ ಬಗ್ಗೆ ತಾವು ಕೇಳಿದ ವಿವರಣೆ

ಮಾನ್ಯ ಸಾರ್ವಜನಿಕ ಕಟ್ಟಡಗಳ ನಿರ್ವಹಣಾಧಿಕಾರಿಗಳೇ,

ನನ್ನ ಹೆಂಡತಿ ಒಂದೇ ಒಂದು ಅಕ್ಷರ ತಿದ್ದಿದ ಅಪರಾಧಕ್ಕೆ ತಾವು ಕಳಿಸಿದ ನೋಟಿಸು ತಲುಪಿದೆ. ಪುನಶ್ಚೇತನ ಕೇಂದ್ರದ ಚಿಕಿತ್ಸಾ ಕೊಳದ ಬಾಗಿಲಿಗೆ ಅಂಟಿಸಿದ್ದ ತಮ್ಮ ಆದೇಶವನ್ನು ಆಕೆ ಕೆಂಪು ಶಾಯಿಯಿಂದ "ವಿರೂಪಗೊಳಿಸಿದ್ದಾರೆ" ಎನ್ನುತ್ತದೆ ಅದರ ಮೊದಲ ಪ್ಯಾರಾ. ಎರಡನೆಯದು ಇನ್ನೂ ಸೊಗಸಾಗಿದೆ. ಹಾಗೆ ವಿರೂಪಗೊಳಿಸುವಾಗ ಆಕೆ "ಗಾಲಿಕುರ್ಚಿಯಿಂದ ಸ್ವತಃ ಎದ್ದು ನಿಂತಿದ್ದು ಪ್ರತ್ಯಕ್ಷದರ್ಶಿಯ ಹೇಳಿಕೆಯಿಂದ ದೃಢಪಟ್ಟಿರುವುದರಿಂದ", ನಿಲ್ಲಲಾಗದವರಿಗೆ ಮಾತ್ರ ಕೊಡುವ ಕೊಳದ ಪಾಸನ್ನು ಏಕೆ ರದ್ದು ಮಾಡಬಾರದು ಎಂದು ಕೇಳಿದ್ದೀರಿ. ಆ ಕೊಳಕ್ಕೆ ಬೀಗ ಹಾಕಿದವರು ತಾವೇ. ಬೀಗ ಹಾಕಿದ ಕೊಳದ ಪಾಸನ್ನೂ ಕಿತ್ತುಕೊಳ್ಳುವುದೆಂದರೆ, ಒಲೆಯನ್ನೇ ಹಚ್ಚದ ಮನೆಯಲ್ಲಿ ಹಸಿದವನ ಮುಂದಿನ ಖಾಲಿ ತಟ್ಟೆಯನ್ನೂ ಎತ್ತಿಕೊಂಡು ಹೋದ ಹಾಗೆ.

ವಿವರಣೆ ಕೇಳಿದ್ದೀರಿ, ಕೊಡುತ್ತೇನೆ. ಬಹಿರಂಗವಾಗಿ ಕೊಡುತ್ತಿರುವುದಕ್ಕೆ ಬೇಸರಿಸಬೇಡಿ. ಖಾಸಗಿಯಾಗಿ ಕೊಟ್ಟ ಅರ್ಜಿಗಳೆಲ್ಲ "ಪರಿಶೀಲನೆಯಲ್ಲಿವೆ" ಎಂದು ತಮ್ಮ ಗುಮಾಸ್ತರು ಹೇಳುತ್ತಲೇ ಇದ್ದಾರೆ. ಪಾಪ, ಹೇಳಿ ಹೇಳಿ ಅವರಿಗೂ ಸಾಕಾಗಿರಬೇಕು. ನನಗಂತೂ ಸಾಕಾಗಿದೆ. ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರನಾಗಿದ್ದವನು. ಜನ ಕೂಗಾಡಿದ್ದು, ಅತ್ತದ್ದು, ಎದೆ ಬಡಿದುಕೊಂಡದ್ದು ಎಲ್ಲವನ್ನೂ ಒಂದೇ ವೇಗದಲ್ಲಿ, ಒಂದೇ ಅಂಚು ಬಿಟ್ಟು ಬಡಿಯುವುದೇ ನನ್ನ ಕೆಲಸವಾಗಿತ್ತು. ಕೂಗಾಟದಿಂದ ಏನೂ ಆಗುವುದಿಲ್ಲ ಎಂಬುದನ್ನು ಅಲ್ಲೇ ಕಲಿತೆ. ಆದ್ದರಿಂದ ಈ ಪತ್ರದಲ್ಲಿ ಕೂಗಾಟ ಇರುವುದಿಲ್ಲ. ಆಯಾಸ ಇದ್ದರೆ ಅದನ್ನು ದಯವಿಟ್ಟು ಸಹಿಸಿಕೊಳ್ಳಿ.

ಮೊದಲಿಗೆ ಅಪರಾಧಿಯ ಪರಿಚಯ. ನನ್ನ ಹೆಂಡತಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಶಾಲೆಯ ಪುಸ್ತಕ, ಬಸ್ಸಿನ ವೇಳಾಪಟ್ಟಿ, ಔಷಧಿ ಡಬ್ಬಿಯೊಳಗೆ ಮಡಿಚಿಡುವ ಆ ಇರುವೆ ಅಕ್ಷರದ ಚೀಟಿ, ಎಲ್ಲವೂ ಅವಳ ಕಣ್ಣಿನಡಿ ಹಾದುಹೋಗಿವೆ. ಮದುವೆಗೆ ಮುಂಚೆ ನಾನು ಅವಳಿಗೆ ಬರೆದ ಮೊದಲ ಪತ್ರ ತಿದ್ದುಪಡಿಗಳ ಸಮೇತ ವಾಪಸು ಬಂದಿತ್ತು. ಪ್ರೀತಿಯ ವಿಷಯಕ್ಕೆ ಉತ್ತರ ಇರಲಿಲ್ಲ. ಮೂರು ಕಡೆ ಒತ್ತಕ್ಷರ ತಪ್ಪಿದೆ ಎಂದಿತ್ತು. ಒಪ್ಪಿಗೆ ಅಂತ ನಾನೇ ಅರ್ಥ ಮಾಡಿಕೊಂಡೆ. ಇಂಥವಳ ಕಣ್ಣೆದುರು ತಪ್ಪಿರುವ ಕಾಗದವನ್ನು ಅಂಟಿಸುವುದು, ಅದೂ ತಿಂಗಳುಗಟ್ಟಲೆ ಅಂಟಿಸಿಡುವುದು, ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಸಿ ಕೈಕಟ್ಟಿ ಕೂರಿಸಿದ ಹಾಗೆ. ಇದು ಆಕೆಯ ಪರವಾಗಿ ನನ್ನ ಮೊದಲ ವಾದ.

ಅವಳಿಗೆ ಕೀಲುಗಳ ಕಾಯಿಲೆ. ಮೊದಲು ಬೆರಳು, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ನೆಲದ ಮೇಲೆ ಎರಡು ಹೆಜ್ಜೆಗೂ ಇಬ್ಬರ ಹೆಗಲು ಬೇಕಾಯಿತು. ಬಿಸಿನೀರಿನಲ್ಲಿ ನಡೆಸಿ, ನೀರು ಮೈಭಾರ ಹೊರುತ್ತದೆ, ಕಾಲು ತನ್ನ ಕೆಲಸ ನೆನಪಿಸಿಕೊಳ್ಳುತ್ತದೆ ಎಂದು ವೈದ್ಯರು ಹೇಳಿದರು. ಹಾಗೆ ತಮ್ಮ ಕೊಳಕ್ಕೆ ಬಂದೆವು. ಇಳಿಜಾರು, ಪಕ್ಕದಲ್ಲಿ ಉಕ್ಕಿನ ಹಿಡಿಕೆ, ಎದೆಮಟ್ಟದ ಬೆಚ್ಚನೆಯ ನೀರು. ಕೆಲವು ವಾರ ಹಿಡಿಕೆ ಬಿಡದೆ ನಡೆದಳು. ಒಂದು ದಿನ ನಾನು ಬೆಂಚಿನ ಮೇಲೆ ಟವೆಲ್ ಹಿಡಿದು ತೂಕಡಿಸುತ್ತಿದ್ದಾಗ ನೀರಿನ ನಡುವಿನಿಂದ ಕೂಗಿದಳು.

"ರೀ, ನೋಡ್ರೀ ಇಲ್ಲಿ. ಎರಡೂ ಕೈ ಬಿಟ್ಟಿದ್ದೀನಿ."

ನಾನು ಎದ್ದು ನಿಂತುಬಿಟ್ಟೆ.

"ಬಾಯಿ ಮುಚ್ಕೊಳ್ಳಿ, ಸೊಳ್ಳೆ ಹೋಗುತ್ತೆ. ಟವೆಲ್ ನೆಲಕ್ಕೆ ತಾಗ್ತಿದೆ, ಮೇಲೆತ್ತಿ," ಎಂದಳು.

ಅದಾದ ಮೇಲೆ ಮನೆಯಲ್ಲೂ ಬದಲಾವಣೆ ಕಂಡಿತು. ಒಂದು ಬೆಳಿಗ್ಗೆ ಅಡುಗೆಮನೆಯ ಸಿಂಕಿಗೆ ಆತುಕೊಂಡು ನಿಂತು ತನ್ನ ಲೋಟವನ್ನು ತಾನೇ ತೊಳೆದಳು. ನಾನು ಅದನ್ನು ಮತ್ತೊಮ್ಮೆ ತೊಳೆಯಬೇಕಾಯಿತು, ಅದು ಬೇರೆ ಮಾತು. ಕೆಲಸ ಅವಳದ್ದು, ಸಂತೋಷ ನಮ್ಮಿಬ್ಬರದ್ದು.

ಆಮೇಲೆ ಕೊಳದ ಬಣ್ಣ ಏಳಲು ಶುರುವಾಯಿತು. ತಳದಲ್ಲಿ ಗುಳ್ಳೆ, ಗೋಡೆಯಲ್ಲಿ ಗುಳ್ಳೆ, ಗುಳ್ಳೆ ಒಡೆದು ನೀಲಿ ಸಿಪ್ಪೆ. ಸಿಪ್ಪೆಯ ಅಂಚು ಗಾಜಿನಷ್ಟು ಚೂಪು. ಕಾಲಿನಲ್ಲಿ ಸ್ಪರ್ಶವೇ ಇಲ್ಲದ ಒಬ್ಬರು ಪಾದ ಕುಯ್ದುಕೊಂಡರು, ನೀರು ಕೆಂಪಾಗುವವರೆಗೆ ಅವರಿಗೇ ಗೊತ್ತಾಗಲಿಲ್ಲ. ಕೊಳ ಮುಚ್ಚಿದಿರಿ, ಸರಿಯಾಗಿಯೇ ಮಾಡಿದಿರಿ. ಬಣ್ಣ ಕೆರೆಸಿ ಹೊಸದಾಗಿ ಹೊಡೆಸಿದಿರಿ. ತೆರೆದಿರಿ. ಮತ್ತೆ ಎದ್ದಿತು. ಮತ್ತೆ ಮುಚ್ಚಿದಿರಿ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನುವಂತೆ ಇದೇ ನಡೆಯಿತು. ಪ್ರತಿ ಸಲ ಮುಚ್ಚಿದಾಗಲೂ ನನ್ನ ಹೆಂಡತಿ ಗಳಿಸಿದ್ದನ್ನು ಕಳೆದುಕೊಂಡಳು. ತೆರೆದಾಗ ಮತ್ತೆ ಹಿಡಿಕೆ ಹಿಡಿಯುವುದರಿಂದ ಶುರು. ಗೋಡೆಗೆ ಬಣ್ಣ ಮತ್ತೆ ಹೊಡೆಯಬಹುದು ಮಾನ್ಯರೇ, ಕಾಲಿಗೆ ಹಾಗೆ ಮತ್ತೆ ಮತ್ತೆ ಕಲಿಸಲಾಗುವುದಿಲ್ಲ. ಒಂದೊಂದು ಸಲಕ್ಕೂ ಸ್ವಲ್ಪ ಕಡಿಮೆ ಕಲಿಯುತ್ತದೆ.

ಇಷ್ಟಾದ ಮೇಲೆ ತಾವು ತಜ್ಞರ ಸಮಿತಿ ಕರೆಸಿದಿರಿ. ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ: ಅದು ಒಳ್ಳೆಯ ಕೆಲಸ, ಮತ್ತು ಸಮಿತಿ ಒಳ್ಳೆಯ ವರದಿಯನ್ನೇ ಕೊಟ್ಟಿತು. ಕಾಂಕ್ರೀಟಿನ ಮೇಲೆ ಬಣ್ಣ ನಿಲ್ಲದಿರುವುದಕ್ಕೆ ಬಣ್ಣ ಕಾರಣವಲ್ಲ, ಕಾಂಕ್ರೀಟಿನ ಮೇಲ್ಮೈ ಕಾರಣ. ಮೇಲ್ಮೈಯನ್ನು ಉಜ್ಜಿ, ನ್ಯಾನೋ ಸಿಲಿಕಾ ದ್ರಾವಣ ಕುಡಿಸಿ, ಆಮೇಲೆ ಬಣ್ಣ ಹೊಡೆಯಿರಿ ಎಂದರು. ವರದಿ ಇಂಗ್ಲಿಷಿನಲ್ಲಿತ್ತು. ಅದನ್ನು ತಮ್ಮ ಕಚೇರಿ ಕನ್ನಡಕ್ಕೆ ತಂದು, ಆದೇಶ ಮಾಡಿ, ಕೆಲಸ ಮುಗಿಸಿ, ಬಣ್ಣ ಮತ್ತೆ ಎದ್ದು, ಮತ್ತೆ ಬೀಗ ಬಿದ್ದ ಮೇಲೆ, ಆ ಆದೇಶದ ಪ್ರತಿಯನ್ನು ಸಾರ್ವಜನಿಕರ ಮಾಹಿತಿಗಾಗಿ ಬಾಗಿಲಿಗೆ ಅಂಟಿಸಲಾಯಿತು. ನಾವು ವಾರಕ್ಕೊಮ್ಮೆ ಹೋಗಿ ಬೀಗ ನೋಡಿಕೊಂಡು ಬರುತ್ತಿದ್ದೆವು. ನಾನು ಕಾವಲುಗಾರನ ಹತ್ತಿರ "ಯಾವಾಗಪ್ಪ ತೆಗೆಯೋದು" ಎಂದು ಎಂದಿನ ಪ್ರಶ್ನೆ ಕೇಳುತ್ತಿದ್ದೆ, ಅವನು "ಮೇಲಿನವರು ಹೇಳ್ಬೇಕು ಸರ್" ಎಂದು ಎಂದಿನ ಉತ್ತರ ಕೊಡುತ್ತಿದ್ದ. ಅವಳು ಕತ್ತು ಹಿಂದಕ್ಕೆ ವಾಲಿಸಿ ಬಾಗಿಲನ್ನೇ ಓದುತ್ತಿದ್ದಳು.

"ರೀ," ಎಂದಳು. "ಇದರಲ್ಲಿ ಒಂದಕ್ಷರ ಸರಿ ಕಾಣ್ತಿಲ್ಲ."

ತಮ್ಮ ಆದೇಶದ ಆ ಸಾಲು ಹೀಗಿದೆ: "ಲೇಪನಕ್ಕೆ ಮುನ್ನ ಕಾಂಕ್ರೀಟ್ ಮೇಲ್ಮೈಗೆ ಅಣುಮಾತ್ರ ವಸ್ತುವನ್ನು ಬಳಸತಕ್ಕದ್ದು."

"ಅಣುಮಾತ್ರ ಅಂತ ಇರಲ್ಲ. ಅಣುಗಾತ್ರ ಅಂತಿರ್ಬೇಕು," ಎಂದಳು.

"ಹಾಗಿದ್ರೆ ತಿದ್ದು, ಪೆನ್ನಿದೆ," ಎಂದೆ. ನನಗೆ ಮನೆಗೆ ಹೋಗುವ ಆತುರ.

ಅವಳು ನನ್ನನ್ನು ನೋಡಿದ ರೀತಿ ಹೇಳಲಾರೆ. "ಮೂಲ ಪ್ರತಿ ನೋಡದೆ ತಿದ್ದೋದಾ? ನಾನೇನು ನಿಮ್ಮ ಹಾಗೆ ಅಂದಾಜಿನ ಮೇಲೆ ಬದುಕ್ತೀನಾ?" ಎಂದಳು.

ಗಮನಿಸಿ ಮಾನ್ಯರೇ. ತಾವು ವಿರೂಪ ಎಂದು ಕರೆದಿರುವ ಕೃತ್ಯಕ್ಕೆ ಮುಂಚೆ ಇಷ್ಟು ಎಚ್ಚರ ಇತ್ತು. ಕರಡು ತಿದ್ದುವವರಲ್ಲಿ ಒಂದು ನಿಯಮವಿದೆಯಂತೆ: ಎಷ್ಟೇ ಖಚಿತವಾಗಿ ತಪ್ಪೆಂದು ಕಂಡರೂ ಮೂಲದ ಜೊತೆ ಹೋಲಿಸದೆ ಗೆರೆ ಎಳೆಯಬಾರದು. ಆ ನಿಯಮ ತಮ್ಮ ಕಚೇರಿಯಲ್ಲಿ ಯಾರಿಗಾದರೂ ಗೊತ್ತಿದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಮಲಗಿರುತ್ತಿದ್ದೆ.

ನನ್ನ ಅಕ್ಕನ ಮಗಳು ಸಿಮೆಂಟು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಅವಳಿಗೆ ಪುಟ್ಟಿ ಎಂದೇ ಹೆಸರು, ತಲೆಗೂದಲು ನರೆಯಲು ಶುರುವಾಗಿದ್ದರೂ. ಸಮಿತಿಯ ವರದಿ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತೆ ಇತ್ತು. ತಮ್ಮವರನ್ನು ಬಿಟ್ಟು, ಎಂದು ಸೇರಿಸಬೇಕು. ಅದನ್ನು ಅಚ್ಚು ಹಾಕಿಸಿಕೊಂಡು, ಜೊತೆಗೆ ಒಂದು ಬಟ್ಟೆಚೀಲದಲ್ಲಿ ಎರಡು ಕಾಂಕ್ರೀಟ್ ತುಂಡು ಹೊತ್ತುಕೊಂಡು ಭಾನುವಾರ ಬಂದಳು. ಊಟದ ಮೇಜಿನ ಮೇಲೆ, ತಟ್ಟೆಯಲ್ಲಿ, ನಮಗೆ ಬಡಿಸುವ ಹಾಗೆ ಅವನ್ನಿಟ್ಟಳು. ಒಂದರ ಮೇಲೆ ಚಮಚದಿಂದ ನೀರು ಬಿಟ್ಟಳು. ನೀರು ಕಣ್ಣೆದುರೇ ಮಾಯವಾಯಿತು.

"ನೋಡಿ ಮಾಮ. ಕಲ್ಲು ಅಂದ್ಕೊಂಡಿದ್ದೀರಿ ಅಲ್ವಾ? ಇದು ಸ್ಪಂಜು," ಎಂದಳು. "ಒಳಗೆಲ್ಲ ಕಣ್ಣಿಗೆ ಕಾಣದ ತೂತು. ಮೇಲ್ಗಡೆ ತೆಳ್ಳಗೆ ಒಂದು ಪುಡಿಪುಡಿ ತೊಗಲು. ಬಣ್ಣ ಅಂಟೋದು ಆ ತೊಗಲಿಗೆ. ಒಳಗಿಂದ ತೇವ ನೂಕಿದಾಗ ತೊಗಲು ಕಿತ್ಕೊಂಡು ಬರುತ್ತೆ, ಬಣ್ಣಾನೂ ಅದರ ಜೊತೆ ಬರುತ್ತೆ. ಬಣ್ಣ ಗೋಡೆ ಬಿಟ್ಟಿಲ್ಲ, ಗೋಡೆನೇ ತನ್ನ ಚರ್ಮ ಬಿಟ್ಟಿರೋದು."

"ಮತ್ತೆ ನಿಮ್ಮ ನ್ಯಾನೋ ಏನು ಮಾಡುತ್ತೆ?"

"ಮೊದಲು ಆ ತೊಗಲನ್ನ ಉಜ್ಜಿ ತೆಗೀಬೇಕು. ಆಮೇಲೆ ಈ ದ್ರಾವಣ. ಮರಳಿನ ಜಾತಿಯದೇ ಕಣ, ಆದ್ರೆ ಎಷ್ಟು ಸಣ್ಣದು ಅಂದ್ರೆ ಆ ತೂತಿನ ಒಳಗೇ ಇಳಿಯುತ್ತೆ. ಅಲ್ಲಿರೋ ಸುಣ್ಣದ ಅಂಶದ ಜೊತೆ ಸೇರಿ ಗಟ್ಟಿಯಾಗುತ್ತೆ, ಕಾಂಕ್ರೀಟೇ ಆಗ್ಬಿಡುತ್ತೆ. ಮೇಲಿನ ಬಣ್ಣಕ್ಕೆ ಗಟ್ಟಿ ನೆಲ ಸಿಗುತ್ತೆ."

"ಎಷ್ಟು ಹಾಕ್ಬೇಕು?" ಎಂದು ನನ್ನ ಹೆಂಡತಿ ಕೇಳಿದಳು. ಮೇಜಿನ ಆ ಬದಿಯಿಂದ ಅವಳ ಪ್ರಶ್ನೆ ತೀರಾ ಮೆತ್ತಗೆ ಬಂತು.

"ಎಷ್ಟು ಅಂದ್ರೆ ಅತ್ತೆ, ಅದು ಕುಡಿಯೋದು ನಿಲ್ಲಿಸೋವರೆಗೂ."

ಆಮೇಲೆ ತುಂಡುಗಳನ್ನು ಮಗುಚಿ ತೋರಿಸಿದಳು. ಬಣ್ಣ ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು ನೋಡಲು ಅದರ ಮೇಲೆ ಲೋಹದ ಬಿಲ್ಲೆ ಅಂಟಿಸಿ ಯಂತ್ರದಿಂದ ಎಳೆಯುತ್ತಾರಂತೆ. ದ್ರಾವಣ ಕುಡಿಸದ ತುಂಡಿನಿಂದ ಬಣ್ಣ ಹಾಲಿನ ಕೆನೆಯ ಹಾಗೆ ಸಲೀಸಾಗಿ ಬಂದಿತ್ತು. ಇನ್ನೊಂದರಲ್ಲಿ ಬಣ್ಣ ಬಿಟ್ಟಿರಲಿಲ್ಲ. ಎಳೆತಕ್ಕೆ ಕಾಂಕ್ರೀಟೇ ಒಡೆದು, ಚಕ್ಕೆ ಸಮೇತ ಬಂದಿತ್ತು. ನನ್ನ ಹೆಂಡತಿ ಆ ಗುಳಿಯಲ್ಲಿ ತನ್ನ ಡೊಂಕು ಬೆರಳನ್ನಿಟ್ಟು ಸವರಿದಳು. "ಇದು ಬಿಡೋದಕ್ಕಿಂತ ಮುರಿಯೋದೇ ಮೇಲು ಅಂದಿದೆ," ಎಂದಳು. ಪುಟ್ಟಿ ನಕ್ಕಳು. ಇದೇನು ಮಂತ್ರವಲ್ಲ, ಗೋಡೆಯ ಹಿಂದಿನಿಂದ ನೀರು ಸೋರುತ್ತಿದ್ದರೆ ಅದನ್ನೂ ನಿಲ್ಲಿಸಬೇಕು, ಮೊದಲು ಒಂದು ಮೂಲೆಯಲ್ಲಿ ಮಾಡಿ ಎಳೆದು ನೋಡಬೇಕು ಎಂದೂ ಹೇಳಿದಳು. ನಾನು ಅತ್ಯುತ್ಸಾಹದಿಂದ ಏನನ್ನೂ ಬಿಟ್ಟಿಲ್ಲ ಎಂದು ತಮಗೆ ಗೊತ್ತಾಗಲಿ ಎಂದು ಇದನ್ನೂ ಬರೆದಿದ್ದೇನೆ.

ಕೊನೆಗೆ ಇಬ್ಬರೂ ವರದಿಯ ಮೂಲ ಸಾಲನ್ನು ಬೆರಳಿಟ್ಟು ಓದಿದರು. ಅತಿಸೂಕ್ಷ್ಮ ಗಾತ್ರದ ಕಣಗಳುಳ್ಳ ವಸ್ತುವನ್ನು ಮೇಲ್ಮೈ ತಣಿಯುವವರೆಗೆ, ಅಂದರೆ ಕುಡಿದು ಸಾಕೆನ್ನುವವರೆಗೆ, ಕೊಡಬೇಕು ಎಂಬುದು ಅದರ ತಾತ್ಪರ್ಯ. ತಮ್ಮ ಕಚೇರಿಯ ಭಾಷಾಂತರದಲ್ಲಿ ತಣಿಯುವುದು ಪೂರ್ತಿ ಬಿಟ್ಟುಹೋಗಿದೆ. ಗಾತ್ರ ಮಾತ್ರವಾಗಿದೆ. "ನ್ಯಾನೋ ಅಂದ್ರೆ ಅಣು ಅಲ್ಲ ಅತ್ತೆ, ಅಣುವಿಗಿಂತ ದೊಡ್ಡದು. ಅಣುಗಾತ್ರ ಅನ್ನೋದೂ ಪೂರ್ತಿ ಸರಿಯಲ್ಲ," ಎಂದು ಪುಟ್ಟಿ ತಕರಾರು ತೆಗೆದಳು. "ಇರ್ಲಿ ಬಿಡೇ, ಭಾಷಾಂತರ ಮಾಡಿದವನಿಗೆ ಅಷ್ಟು ಬಿಟ್ಕೊಡೋಣ. ಅಷ್ಟಕ್ಕೆ ಯಾರ ಕಾಲೂ ಹೋಗಲ್ಲ," ಎಂದಳು ನನ್ನ ಹೆಂಡತಿ.

ಒಂದಕ್ಷರದಿಂದ ಏನು ಮಹಾ ಆಗುತ್ತದೆ ಎಂದು ತಾವು ಕೇಳಬಹುದು. ನಾನೂ ಕೇಳಿದೆ, ತಮ್ಮ ಕೇಂದ್ರದ ಗೇಟಿಗೆ ಬಣ್ಣ ಹೊಡೆಯುತ್ತಿದ್ದ ಮೇಸ್ತ್ರಿಯನ್ನು. ಕೊಳಕ್ಕೂ ಅವನೇ ಹೊಡೆದವನು.

"ಸುಳ್ಳು ಯಾಕೆ ಹೇಳ್ಲಿ ಸರ್," ಎಂದ. "ಕಣ್ಣಿಗೆ ಬಿಡೋ ಔಷಧಿ ಬಾಟ್ಲಿ ಇರುತ್ತಲ್ಲ, ಅಂಥದ್ರಲ್ಲಿ ಕೊಟ್ರು. ಇಡೀ ಕೊಳಕ್ಕೆ! ನಾನು ಅದನ್ನ ಒಂದು ಬಕೆಟ್ ನೀರಿಗೆ ಬೆರೆಸಿ ಒಂದು ಕೈ ಹೊಡ್ದೆ. ಇನ್ನೇನ್ ಮಾಡ್ಲಿ?"

"ಇಷ್ಟೇನಾ ಅಂತ ಕೇಳ್ಲಿಲ್ವಾ?"

"ಕೇಳ್ದೆ. ಉಗ್ರಾಣದವರು ಆದೇಶ ತೋರ್ಸಿದ್ರು. ಅಣುಮಾತ್ರ ಅಂತ ಬರ್ದಿದೆ, ನಿಂಗೆ ಕೊಟ್ಟಿದ್ದೇ ಜಾಸ್ತಿ ಆಯ್ತು, ಮೇಲಿನವರು ಕೇಳಿದ್ರೆ ನಾನು ಸಿಕ್ಕಿಹಾಕ್ಕೊಳ್ತೀನಿ ಅಂದ್ರು. ನಾನು ಸುಮ್ನಾದೆ."

ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯನ್ನು ಎಷ್ಟೋ ಸಲ ಕೇಳಿದ್ದೆ. ಅದನ್ನು ಕಾರ್ಯಾದೇಶದ ರೂಪದಲ್ಲಿ ನೋಡಿದ್ದು ಇದೇ ಮೊದಲು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿನಲ್ಲಿ ಎಷ್ಟು ಜನ ನಿಂತಿದ್ದಾರೆ ನೋಡಿ: ಅನುವಾದಿಸಿದವರು, ಸಹಿ ಹಾಕಿದವರು, ಉಗ್ರಾಣದವರು, ಮೇಸ್ತ್ರಿ. ಇವರಲ್ಲಿ ಯಾರೂ ಕಳ್ಳರಲ್ಲ. ಕಳ್ಳತನವಾಗಿದ್ದರೆ ನನಗೆ ಇಷ್ಟು ಆಯಾಸವಾಗುತ್ತಿರಲಿಲ್ಲ, ಸಿಟ್ಟಾದರೂ ಬರುತ್ತಿತ್ತು. ಎಲ್ಲರೂ ಆದೇಶವನ್ನು ಅಕ್ಷರಶಃ ಪಾಲಿಸಿದ್ದಾರೆ. ಒಂದು ಕೊಳ ತುಂಬ ಕಾಂಕ್ರೀಟಿಗೆ ಕಣ್ಣಿನ ಔಷಧಿಯಷ್ಟು ದ್ರಾವಣ ಸಾಕೇ ಎಂದು ತಮ್ಮ ಕಚೇರಿಯ ಮೇಲಿನಿಂದ ಕೆಳಗಿನವರೆಗೆ ಬಾಯಿಬಿಟ್ಟು ಕೇಳಿದವನು ಮೇಸ್ತ್ರಿ ಒಬ್ಬ, ಅವನನ್ನೂ ಸುಮ್ಮನಾಗಿಸಿದಿರಿ.

ಉಳಿದ ದ್ರಾವಣ ಎಲ್ಲಿ ಹೋಯಿತು ಎಂಬ ಕುತೂಹಲ ತಮಗೆ ಇರಬೇಕು. ಎಲ್ಲೂ ಹೋಗಿಲ್ಲ. ಸರಬರಾಜು ಮಾಡಿದವರು ಇಂಗ್ಲಿಷ್ ವರದಿ ನೋಡಿ ಪೂರ್ತಿ ಕಳಿಸಿದ್ದಾರೆ, ದೊಡ್ಡ ದೊಡ್ಡ ಬಿಳಿ ಕ್ಯಾನುಗಳಲ್ಲಿ. ಉಗ್ರಾಣದಲ್ಲಿ ಜಾಗವಿಲ್ಲದೆ ಅವು ಕೊಳದ ಬಾಗಿಲ ಪಕ್ಕದ ಪಡಸಾಲೆಯಲ್ಲೇ ಸಾಲಾಗಿ ನಿಂತಿವೆ. ಕಾವಲುಗಾರನಿಗೆ ಕುರ್ಚಿ ಕೊಟ್ಟಿಲ್ಲವಾದ್ದರಿಂದ ಅವನು ಅದರಲ್ಲೇ ಒಂದರ ಮೇಲೆ ಕೂರುತ್ತಾನೆ, ಗೋಣಿಚೀಲ ಮಡಿಚಿ ಹಾಸಿಕೊಂಡು. ಅಂದರೆ ಕೊಳದ ಮದ್ದು ಕೊಳದ ಬಾಗಿಲಲ್ಲೇ ಇದೆ, ಅದರ ಮೇಲೆ ತಮ್ಮ ಇಲಾಖೆ ಕೂತಿದೆ. ಇದನ್ನು ನಾನು ರೂಪಕವಾಗಿ ಹೇಳುತ್ತಿಲ್ಲ. ಬಂದು ನೋಡಬಹುದು.

ಆ ಕ್ಯಾನುಗಳ ಬಗ್ಗೆ ಇನ್ನೊಂದು ಮಾತು. ಮುಚ್ಚಳ ತೆಗೆಯದೆ ಇಟ್ಟರೂ ಕೆಲಕಾಲದ ಮೇಲೆ ಆ ದ್ರಾವಣ ಹೆಪ್ಪುಗಟ್ಟುತ್ತದಂತೆ, ಆಮೇಲೆ ಉಪಯೋಗವಿಲ್ಲವಂತೆ. "ಸುಮ್ನೆ ಕೂತಿದ್ರೆ ಅದೂ ಗಟ್ಟಿಯಾಗಿಬಿಡುತ್ತೆ ಅತ್ತೆ," ಎಂದು ಪುಟ್ಟಿ ಹೇಳಿದಾಗ ನನ್ನ ಹೆಂಡತಿ ತನ್ನ ಮೊಣಕಾಲು ನೋಡಿಕೊಂಡು, "ನಂಗೊಬ್ಬಳಿಗೇ ಅಂದ್ಕೊಂಡಿದ್ದೆ," ಎಂದಳು. ಪುಟ್ಟಿ ಎದ್ದು ಹೋಗಿ ಅವಳ ಕಾಲಿನ ಮೇಲೆ ಹೊದಿಕೆ ಸರಿಮಾಡಿದಳು.

ಈಗ ಅಪರಾಧದ ದಿನಕ್ಕೆ ಬರುತ್ತೇನೆ. ಮೂಲ ಪ್ರತಿಯ ಜೊತೆ ಹೋಲಿಕೆ ಮುಗಿದಿತ್ತು. ಮುಂದಿನ ಸಲ ಹೋಗುವಾಗ ಅವಳ ಕೈಚೀಲದಲ್ಲಿ ಹಳೆಯ ಕೆಂಪು ಪೆನ್ನು ಇತ್ತು. ಬಾಗಿಲ ಮುಂದೆ ಕುರ್ಚಿ ನಿಲ್ಲಿಸಿದೆ. ಆದೇಶ ಎತ್ತರದಲ್ಲಿತ್ತು. ನಿಲ್ಲಲಾಗದವರ ಕೊಳದ ಬಾಗಿಲಿಗೆ ತಮ್ಮವರು ಸೂಚನೆಗಳನ್ನು ನಿಂತವರ ಕಣ್ಣಿನ ಎತ್ತರಕ್ಕೆ ಅಂಟಿಸುತ್ತಾರೆ; ಇದರ ಬಗ್ಗೆ ಬೇರೆ ಪತ್ರ ಬರೆಯಬೇಕು, ಶಕ್ತಿ ಉಳಿದಿದ್ದರೆ.

"ಕೊಡು ಇಲ್ಲಿ, ನಾನು ತಿದ್ತೀನಿ," ಎಂದೆ.

"ಬೇಡ. ನೀವೆಳೆದ್ರೆ ಗೆರೆ ಸೊಟ್ಟಗಾಗುತ್ತೆ. ಬ್ರೇಕ್ ಹಾಕಿ."

ಹಾಕಿದೆ. ಅವಳು ಒಂದು ಕೈಯಿಂದ ಬಾಗಿಲ ಹಿಡಿಕೆ ಹಿಡಿದಳು. ಕಾವಲುಗಾರ "ಅಮ್ಮಾ, ಬಿದ್ಬಿಟ್ಟೀರಿ!" ಎಂದು ಕ್ಯಾನಿನಿಂದ ಇಳಿದು ಓಡಿ ಬಂದ. ಅಷ್ಟರಲ್ಲಿ ಅವಳು ನಿಂತಾಗಿತ್ತು. ಕಾಲು ನಡುಗುತ್ತಿತ್ತು, ಕೈ ನಡುಗಲಿಲ್ಲ. ಆಮೇಲೆ ಹಿಡಿಕೆ ಬಿಟ್ಟಳು, ಕಾಗದವನ್ನು ಆ ಕೈಯಿಂದ ಒತ್ತಿ ಹಿಡಿಯಬೇಕಾಗಿತ್ತಲ್ಲ. 'ಮಾ' ಮೇಲೆ ಒಂದು ನೇರ ಗೆರೆ. ಅಂಚಿನಲ್ಲಿ 'ಗಾ'. ಕೆಳಗೆ ತನ್ನ ಚಿಕ್ಕ ಸಹಿ, ಮುದ್ರಣಾಲಯದಲ್ಲಿ ಹಾಕುತ್ತಿದ್ದ ಹಾಗೆಯೇ. ಕೂತಾಗ ಬೆವರಿ ಒದ್ದೆಯಾಗಿದ್ದಳು. ಕಾವಲುಗಾರ ತನ್ನ ಬಾಟಲಿಯಿಂದ ನೀರು ಕೊಟ್ಟ. "ನಿಂತ್ಬಿಟ್ರಲ್ಲಮ್ಮ!" ಎಂದು ಅವನು ಎರಡು ಮೂರು ಸಲ ಹೇಳಿದ, ತನ್ನ ತಾಯಿಯೇ ನಿಂತ ಹಾಗೆ ಅವನಿಗೆ ಖುಷಿಯಾಗಿತ್ತು.

ಆ ಖುಷಿಯನ್ನೇ ತಾವು ಹೇಳಿಕೆಯಾಗಿ ಬರೆಸಿಕೊಂಡಿರಿ. ಅವನ ಮೇಲೆ ನನಗೆ ಕೋಪವಿಲ್ಲ. ಅವನು ಮರೆಮಾಚದೆ ನಡೆದದ್ದನ್ನು ಹೇಳಿದ್ದಾನೆ, ಅದೂ ಅವಳ ಬಗ್ಗೆ ಅಭಿಮಾನದಿಂದ. ಆದರೆ ತಮ್ಮನ್ನು ಒಂದೆರಡು ಮಾತು ಕೇಳಬೇಕು. ತಪ್ಪು ಮಾಡಿದ ಕಾಗದಕ್ಕೆ ಸಹಿ ಹಾಕಿದವರಿಗೆ ನೋಟಿಸು ಹೋಗಿದೆಯೇ, ಅಥವಾ ತಪ್ಪು ತಿದ್ದಿ ಸಹಿ ಹಾಕಿದವಳಿಗೆ ಮಾತ್ರವೇ? ವಿರೂಪಗೊಳಿಸುವವರು ಕೆಳಗೆ ತಮ್ಮ ಸಹಿ ಹಾಕಿ ಹೋಗುತ್ತಾರೆಯೇ? ಆಕೆ ನಿಂತದ್ದು ತಮ್ಮ ಕೊಳ ಕಲಿಸಿದ ಪಾಠದಿಂದ. ಚಿಕಿತ್ಸೆ ಫಲ ಕೊಟ್ಟಿತು ಎಂಬ ಕಾರಣಕ್ಕೆ ಚಿಕಿತ್ಸೆಯನ್ನೇ ನಿಲ್ಲಿಸುವ ಈ ತರ್ಕವನ್ನು ತಾವು ಆಸ್ಪತ್ರೆಗಳಿಗೂ ಅನ್ವಯಿಸುವ ಯೋಚನೆ ಇದೆಯೇ? ಮತ್ತು ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಕೆಂಪು ಶಾಯಿಯಲ್ಲಿ ತೋರಿಸಿಕೊಟ್ಟ ಮೇಲೂ ಆ ಸಾಲನ್ನು ತಮ್ಮ ಕಚೇರಿಯಲ್ಲಿ ಒಬ್ಬರಾದರೂ ಓದಿದರೇ? ನೋಟಿಸಿನಲ್ಲಿ "ಒಂದು ಅಕ್ಷರವನ್ನು ಬದಲಿಸಿ" ಎಂದಿದೆ. ಯಾವ ಅಕ್ಷರ, ಏಕೆ ಎಂದು ಇಲ್ಲ.

ಈ ನಡುವೆ ತಮ್ಮ ಕಚೇರಿ ಮೇಲಿನವರಿಗೆ ಕಳಿಸಿದ ಟಿಪ್ಪಣಿಯಲ್ಲಿ "ನ್ಯಾನೋ ತಂತ್ರಜ್ಞಾನವನ್ನು ಪ್ರಯೋಗಿಸಿ ನೋಡಲಾಗಿದ್ದು ಫಲಕಾರಿಯಾಗಿಲ್ಲ, ಆದ್ದರಿಂದ ಕೊಳವನ್ನು ಶಾಶ್ವತವಾಗಿ ಮುಚ್ಚಬಹುದು" ಎಂದಿದೆಯೆಂದು ತಿಳಿದುಬಂದಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಕೆಟ್ಟಿದೆ, ಅದನ್ನು ಸರಿಮಾಡುವ ದಾರಿಯೂ ಗೊತ್ತಿದೆ, ಸಾಮಾನೂ ಬಂದಿದೆ, ಕುಣಿಯುವುದೊಂದೇ ಬಾಕಿ. ದ್ರಾವಣ ಸೋತಿದೆ ಎಂದು ಬರೆಯಬೇಡಿ. ಅದನ್ನು ಬಳಸಿಯೇ ಇಲ್ಲ ಎಂದು ಬರೆಯಿರಿ. ಈ ವಿಷಯದಲ್ಲಿ ನನಗೆ ಅಣುಮಾತ್ರವೂ ಸಂದೇಹವಿಲ್ಲ. ನೋಡಿ, ಆ ಪದಕ್ಕೂ ಅದರದೇ ಆದ ಸರಿಯಾದ ಜಾಗ ಇದೆ.

ಆ ದಿನ ಮನೆಗೆ ಬಂದ ಮೇಲೆ ಅವಳನ್ನು ಹಾಸಿಗೆಗೆ ಸೇರಿಸಿ ಕೇಳಿದೆ, ಅಷ್ಟು ಬಲ ಎಲ್ಲಿಂದ ಬಂತು ಅಂತ.

"ನೀರಲ್ಲಿ ಕಲಿತಿದ್ದು ಎಲ್ಲೋ ಚೂರು ಉಳಿದಿತ್ತು ಅನ್ಸುತ್ತೆ," ಎಂದಳು. "ಖರ್ಚು ಮಾಡ್ಬಿಟ್ಟೆ."

"ಒಂದಕ್ಷರಕ್ಕಾ?"

"ಒಂದಕ್ಷರಕ್ಕೇ. ನೀವಾಗಿದ್ರೆ ಯಾವುದಕ್ಕೆ ಮಾಡ್ತಿದ್ರಿ?"

ಅವಳು ಆಮೇಲೆ ನಿಂತಿಲ್ಲ. ಎರಡು ಸಲ ಪ್ರಯತ್ನಿಸಿದಳು, ನಾನು ಹಿಡಿದುಕೊಂಡೆ. ಮೂರನೇ ಸಲ ಪ್ರಯತ್ನಿಸೋಣ ಎಂದು ನಾನು ಹೇಳಿದಾಗ, ಕೊಳ ತೆರೆದ ಮೇಲೆ ನೋಡೋಣ ಎಂದಳು. ಇನ್ನೂ ತಡವಾದರೆ ನೀರಿಗಿಳಿದರೂ ಕಾಲು ಕೇಳುವುದಿಲ್ಲ ಎಂದು ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಮೇಡಂ ನನ್ನನ್ನು ಬಾಗಿಲಾಚೆ ಕರೆದು ಹೇಳಿದ್ದಾರೆ. ಅವಳಿಗೆ ಹೇಳಿಲ್ಲ. ಈ ಪತ್ರದ ಕರಡು ಅವಳ ಕೈಗೆ ಹೋದಾಗ ಓದುತ್ತಾಳೆ, ಆಗ ಗೊತ್ತಾಗುತ್ತದೆ. ಹೇಗೆ ಹೇಳಬೇಕೋ ನನಗೆ ತಿಳಿಯಲಿಲ್ಲ, ಇಲ್ಲೇ ಬರೆದುಬಿಟ್ಟೆ.

ಆದ್ದರಿಂದ ನನ್ನ ಬೇಡಿಕೆ. ಸಮಿತಿ ಬೇಡ, ಸಮೀಕ್ಷೆ ಬೇಡ, ಸ್ಥಳ ಪರಿಶೀಲನೆಯ ಫೋಟೋ ಬೇಡ. ಆದೇಶದಲ್ಲಿ 'ಮಾ' ಹೊಡೆದು 'ಗಾ' ಎಂದು ಬರೆಯಿರಿ. ಗೆರೆ ಎಳೆದು ಕೊಟ್ಟಿದ್ದಾಳೆ, ಪಕ್ಕದಲ್ಲಿ ತಮ್ಮ ಸಹಿ ಬಿದ್ದರೆ ಸಾಕು. "ತಣಿಯುವವರೆಗೆ" ಎಂಬ ಬಿಟ್ಟುಹೋದ ಪದವನ್ನು ಸೇರಿಸಿ. ಕಾವಲುಗಾರನಿಗೆ ಒಂದು ಕುರ್ಚಿ ಕೊಟ್ಟು, ಅವನ ಕೆಳಗಿನ ಕ್ಯಾನನ್ನು ಹೆಪ್ಪುಗಟ್ಟುವ ಮುಂಚೆ ಮೇಸ್ತ್ರಿಯ ಕೈಗೆ ಕೊಡಿ. ಒಂದು ಮೂಲೆಯಲ್ಲಿ ಮಾಡಿಸಿ, ಬಿಲ್ಲೆ ಅಂಟಿಸಿ ಎಳೆಸಿ ನೋಡಿ, ಹಿಡಿದರೆ ಇಡೀ ಕೊಳಕ್ಕೆ ಕುಡಿಸಿ. ಪಾಸನ್ನು ರದ್ದು ಮಾಡಬೇಡಿ. ಆಕೆಗೆ ನಿಲ್ಲಲಾಗುವುದಿಲ್ಲ ಎಂದು ಪ್ರಮಾಣಪತ್ರ ಬೇಕಿದ್ದರೆ, ಈಗ ಯಾವ ವೈದ್ಯರು ಬೇಕಾದರೂ ಕೊಡುತ್ತಾರೆ.

ಇನ್ನೊಂದೇ ಒಂದು ಕೋರಿಕೆ. ಇದಕ್ಕೆ ಯಾವ ನಿಯಮದಡಿ ಅರ್ಜಿ ಹಾಕಬೇಕೋ ಗೊತ್ತಿಲ್ಲ. ಕಾವಲುಗಾರನಿಂದ ತಾವು ಬರೆಸಿಕೊಂಡ ಆ ಹೇಳಿಕೆಯ ಒಂದು ಪ್ರತಿ ನಮಗೆ ಬೇಕು, ಮೊಹರು ಹಾಕಿ ದೃಢೀಕರಿಸಿದ್ದು. ಅವಳ ವಿರುದ್ಧ ಅದನ್ನು ತಾವು ಹೇಗೆ ಬೇಕಾದರೂ ಬಳಸಿಕೊಳ್ಳಿ, ನಾನು ಅಡ್ಡ ಬರುವುದಿಲ್ಲ. ಆದರೆ ಅವಳು ಯಾರ ಕೈಯನ್ನೂ ಹಿಡಿಯದೆ ನೆಲದ ಮೇಲೆ ನಿಂತಿದ್ದಳು ಎಂದು ಈ ಲೋಕದಲ್ಲಿ ಬರೆದಿಟ್ಟಿರುವುದು ಅದೊಂದೇ ಕಾಗದದಲ್ಲಿ. ಅದಕ್ಕೆ ಚೌಕಟ್ಟು ಹಾಕಿಸಿ, ಅವಳಿಗೆ ಕೂತಲ್ಲಿಂದ ಓದಲು ಸಿಗುವಷ್ಟು ಎತ್ತರದಲ್ಲಿ ತೂಗುಹಾಕಬೇಕೆಂದಿದ್ದೇನೆ.

ಇಂತಿ, ತಮ್ಮ ಬೀಗದ ಹೊರಗೆ ಕಾದು ಕೂತಿರುವ,
ಅಪರಾಧಿಯ ಗಂಡ

(ಕರಡು ತಿದ್ದಿದ್ದು: ಅಪರಾಧಿ. ಒತ್ತಕ್ಷರದ ತಪ್ಪು ಎರಡು ಕಡೆ ಇತ್ತು, ಸರಿಪಡಿಸಿದ್ದೇನೆ. ಮೇಡಂ ಹೇಳಿದ್ದನ್ನು ಓದಿದೆ. ಅಲ್ಲಿ ಏನೂ ತಿದ್ದಲಿಲ್ಲ.)